ಠಾಣೆಯಲ್ಲಿ ಹೇಳಿದ ಹೆಸರು

ಯಶವಂತಪುರ
೧೨-೧೧-೧೯೬೧

ಯಜಮಾನರಿಗೆ ಕೃಷ್ಣಮ್ಮನ ನಮಸ್ಕಾರಗಳು.

ಮೈಯಲ್ಲಿ ಹೇಗಿದ್ದೀರಿ? ಭದ್ರಾವತಿಗೆ ಹೋದಮೇಲೆ ಹಿಡಿದ ಕೆಮ್ಮು ನಿಂತಿತೇ? ಅದಿರಿನ ಧೂಳಿನಲ್ಲಿ ಕೆಲಸ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹೇಳಿದರೆ ನಗುತ್ತೀರಿ, ಆದರೂ ಹೇಳುತ್ತೇನೆ. ನನ್ನ ಮೈಗೆ ಏನೂ ಆಗಿಲ್ಲ. ಒಬ್ಬಳಿಗೆ ಎಷ್ಟು ಎಸರಿಡಬೇಕೆಂಬುದು ಮಾತ್ರ ಇನ್ನೂ ಕೈಗೆ ಒಗ್ಗಿಲ್ಲ. ದಿನವೂ ಒಂದು ಮುದ್ದೆ ಹೆಚ್ಚಾಗುತ್ತದೆ.

ಇನ್ನು ಮುಂದಿನದನ್ನು ಕೂತು ನಿಧಾನವಾಗಿ ಓದಿ. ಠಾಣೆಯ ಕೇಡಿ ಪಟ್ಟಿಯಿಂದ ನಿಮ್ಮ ಹೆಸರು ಹೋಯಿತು. ಪಿಳ್ಳಪ್ಪನವರ ಮಂಡಿಯ ಕೊಬ್ಬರಿ ಮೂಟೆ ಕದ್ದ ಕೇಸಿನಲ್ಲಿ ಕೋರ್ಟು ನಿಮ್ಮನ್ನು ಬಿಟ್ಟಮೇಲೂ ಆ ಪಟ್ಟಿಯಲ್ಲಿ ಹಾಗೇ ಉಳಿಸಿದ್ದರಲ್ಲ, ಎಲ್ಲಿ ಕಳ್ಳತನವಾದರೂ ನಮ್ಮ ಬಾಗಿಲು ಬಡಿಯುತ್ತಿದ್ದರಲ್ಲ, ಇಲ್ಲಿನ ಕಾರ್ಖಾನೆಯವರು ಠಾಣೆಯಲ್ಲಿ ವಿಚಾರಿಸಿ ನಿಮ್ಮನ್ನು ಗೇಟಿನಿಂದಲೇ ಕಳಿಸಿಬಿಟ್ಟರಲ್ಲ, ಅದೆಲ್ಲ ಮುಗಿಯಿತು. "ಈ ಊರಲ್ಲಿ ನಾನು ಕಳ್ಳನೇ ಕಣೆ" ಎಂದು ಹೇಳಿ ನೀವು ರೈಲು ಹತ್ತಿದಿರಿ. ಆ ಮಾತು ನನ್ನ ಜೊತೆ ಮನೆಯಲ್ಲಿ ಉಳಿದುಕೊಂಡಿತು.

ಹೊಸ ಇನ್ಸ್‌ಪೆಕ್ಟರು ಬಂದಿದ್ದಾರೆಂದು ಕೇಳಿ ಒಬ್ಬಳೇ ಹೋದೆ. "ಯಾರ ಹೆಸರಮ್ಮ ತೆಗೀಬೇಕು?" ಎಂದರು. ಸೆರಗನ್ನು ಬೆರಳಿಗೆ ಸುತ್ತುತ್ತಾ ನಿಂತೆ. ಮದುವೆಯಲ್ಲಿ ಎಲ್ಲರೂ ಸೇರಿ ಹೇಳಿಸಿದ್ದು ಬಿಟ್ಟರೆ ನಿಮ್ಮ ಹೆಸರನ್ನು ನಾನು ಬಾಯಲ್ಲಿ ಆಡಿದವಳಲ್ಲ. ಮೆಲ್ಲಗೆ ಹೇಳಿದೆ, ಕೇಳಿಸಲಿಲ್ಲವೆಂದರು. "ನರಸಿಂಹಯ್ಯ" ಎಂದು ಗಟ್ಟಿಯಾಗಿ ಹೇಳಿದೆ. ಪೇದೆಗಳು ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ. "ದೂರು ಕೊಟ್ಟೋರೇ ಬಂದು, ಅವನಲ್ಲ ಅಂತ ಹೇಳಿದ್ರೆ ಆಗುತ್ತೆ" ಎಂದರು.

ಪಿಳ್ಳಪ್ಪನವರ ಮನೆಗೆ ಹೋದೆ. ಅವರ ಹೆಂಡತಿ ಪಟಾಲಮ್ಮ ಮಜ್ಜಿಗೆ ಕೊಟ್ಟು ಕೂರಿಸಿದರು. ಪಿಳ್ಳಪ್ಪನವರು ಮಾತ್ರ ತಲೆ ಎತ್ತಲಿಲ್ಲ. ಮತ್ತೆ ಹೋದಾಗ ಹೊರಗೇ ಬರಲಿಲ್ಲ. ಆಮೇಲೆ ನಾನು ಮಂಡಿಯ ಜಗಲಿಯ ಮೇಲೆ ಹೋಗಿ ಕೂತೆ. ಸಂತೆಯ ದಿನ, ಗಾಡಿಗಳು ತುಂಬಿದ್ದವು. "ಯಾಕವ್ವ ಇಲ್ ಕುಂತಿದೀಯ?" ಎಂದು ಯಾರೋ ರೈತರು ಕೇಳಿದರು. "ನಮ್ಮ ಯಜಮಾನ್ರ ಮಾನ ಇಲ್ಲೇ ಉಳ್ಕೊಂಡಿತ್ತು, ಈಸ್ಕೊಂಡ್ ಹೋಗಕ್ಕೆ ಬಂದಿದೀನಿ" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಕಾಣೆ. ಜನ ಸೇರಿದರು. ಪಟಾಲಮ್ಮ ಒಳಗಿನಿಂದ ಬಂದು ಗಂಡನ ಮುಂದೆ ನಿಂತು, "ನನ್ ತಮ್ಮನೇ ಎತ್ಕೊಂಡೋದ ಅಂತ ಯೋಳಕ್ಕೆ ನಿಮ್ಗೆ ನಾಚ್ಕೆ ಆದ್ರೆ ನಾನೇ ಯೋಳ್ತೀನಿ, ನಡೀರಿ ಠಾಣೆಗೆ" ಎಂದರು. ಆ ಮಾತು ಆಡಿದಾಗ ಅವರ ಮುಖ ನೋಡಲಾಗಲಿಲ್ಲ. ಒಡಹುಟ್ಟಿದವನನ್ನು ಬೀದಿಯಲ್ಲಿ ಬಿಟ್ಟುಕೊಡುವುದೆಂದರೆ ಸಾಮಾನ್ಯವೇ?

ಇನ್ಸ್‌ಪೆಕ್ಟರು ಇಬ್ಬರ ಹೇಳಿಕೆಯನ್ನೂ ಬರೆಸಿಕೊಂಡರು. ಇವತ್ತು ನಿಮ್ಮ ಹೆಸರು ಹೊಡೆದುಹಾಕಿ ನನ್ನ ಕೈಗೆ ಕಾಗದ ಕೊಟ್ಟರು. ಓಡೋಡಿ ಮನೆಗೆ ಬಂದರೆ ಹೇಳಿಕೊಳ್ಳಲು ಯಾರಿದ್ದಾರೆ? ಪಕ್ಕದ ಬೈರಮ್ಮನ ಮನೆಗೂ ಬೀಗ. ಕೊನೆಗೆ ಎಮ್ಮೆಗೆ ಹೇಳಿ ಹುಲ್ಲು ಹಾಕಿದೆ. ಅದು ತಲೆಯಾಡಿಸಿತು. ನಾನು ಅಲ್ಲೇ ಕೂತು ಅತ್ತೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ
ಕೃಷ್ಣಮ್ಮ

ತಾ.ಕ.: ಇಲ್ಲಿನ ಕಾರ್ಖಾನೆಯಲ್ಲಿ ಈಗ ವಯಸ್ಸಿನ ಮಿತಿ ತಂದಿದ್ದಾರಂತೆ, ನಿಮಗೆ ಅದು ದಾಟಿಹೋಗಿದೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಸಿಕೊಳ್ಳೋಣವೆಂದಿದ್ದೆ, ಮನಸ್ಸು ಒಪ್ಪಲಿಲ್ಲ. ಹೆಬ್ಬಾಳದ ಬೇಸಾಯದ ಫಾರಮ್ಮಿನ ಉಗ್ರಾಣಕ್ಕೆ ಕಾವಲಿನವರು ಬೇಕಂತೆ, ಠಾಣೆಯ ಕಾಗದ ಕೇಳುತ್ತಾರಂತೆ. ಅದೂ ಸಿಗುತ್ತದೋ ಇಲ್ಲವೋ. ನಿಮ್ಮ ಕೆಲಸಕ್ಕಾಗಿ ಅಲೆಯುತ್ತಿದ್ದೇನೆಂದು ಅಕ್ಕಪಕ್ಕದವರಿಗೆ ಹೇಳಿದೆ, ನಿಮಗೆ ಹಾಗೆ ಹೇಳಲಾರೆ, ನೀವು ಮನೆಗೆ ಬರಲೆಂದೇ ಅಲೆದೆ. ಕೆಲಸ ಇರಲಿ ಬಿಡಲಿ, ಹಗಲು ಹೊತ್ತಿನ ರೈಲಿಗೇ ಬನ್ನಿ. ಇಳಿದು ಮಂಡಿ ಬೀದಿಯಲ್ಲೇ, ಎಲ್ಲರೂ ನೋಡುವ ಹಾಗೆ ನಡೆದು ಮನೆಗೆ ಬನ್ನಿ.