ಇಬ್ಬರಿಗೆ ಸಾಕಾಗುವ ಗ್ರೈಂಡರ್

ಕೀರ್ತನ್,

ಇವತ್ತು ದರ್ಬೆ ಪೇಟೆಯಲ್ಲಿ ಕಾಫಿ ಬೀಜ ಪುಡಿ ಮಾಡುವ ಕೈ ಗ್ರೈಂಡರ್ ತೆಗೆದುಕೊಂಡೆ. ಕಾಗದದ ಫಿಲ್ಟರಿಗೆ ನಿಧಾನಕ್ಕೆ ಬಿಸಿನೀರು ಸುರಿದು ಮಾಡುವ, ನೀನು ಕಲಿಸಿದ ಕಾಫಿಗೆ.

ಅಂಗಡಿಯ ದೇವಕಿಯಕ್ಕ ಎರಡು ಬಗೆಯದ್ದು ತೆಗೆದಿಟ್ಟರು. ಎರಡರಲ್ಲೂ ಸ್ವಲ್ಪ ಬೀಜ ಹಾಕಿ ತಿರುಗಿಸಿ ನೋಡಿದೆ. ಸೆರಾಮಿಕ್ ಹಲ್ಲಿನದ್ದರಲ್ಲಿ ಧೂಳು, ತರಿ ಎಲ್ಲ ಬೆರೆತು ಬಂತು. ಸ್ಟೀಲ್ ಹಲ್ಲಿನದ್ದರಲ್ಲಿ ರವೆಯ ಹಾಗೆ ಒಂದೇ ಸಮ ಬಂತು.

"ಎಂತ ಮಾರಾಯ, ನಿಂಗೆ ಬೇಕಾದ್ದು ಕಾಪಿ ಹುಡಿಯಾ, ಉಪ್ಪಿಟ್ಟಿನ ರವೆಯಾ?" ಎಂದು ಅಕ್ಕ ನಕ್ಕರು.

"ಇದಕ್ಕೆ ಹೀಗೇ ಇರ್ಬೇಕು ಅಕ್ಕ. ತೀರಾ ಹುಡಿಯಾದ್ರೆ ಕಹಿ ಬರ್ತದೆ."

"ಹಾಗಾದ್ರೆ ಸಣ್ಣದು ಸಾಕಾ, ದೊಡ್ಡದು ಬೇಕಾ? ಎಷ್ಟು ಜನ ಕುಡಿಯುದು?"

"ಇಬ್ಬರು" ಎಂದೆ.

ದೊಡ್ಡದನ್ನೇ ಕಟ್ಟಿಕೊಟ್ಟರು. ನಮ್ಮಲ್ಲಿ ಅಮ್ಮ ಚಹಾ ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದು ನಿನಗೆ ಗೊತ್ತು.

ಅವತ್ತು ಆಲಂಕಾರಿನ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಅಪ್ಪ, "ನಮ್ಮವ ಕಾಲೇಜಿಗೆ ಸರಿ ಹೋಗ್ತಾನಾ?" ಎಂದು ಕೇಳಿದಾಗ ನಾನು ಇದ್ದದ್ದನ್ನೇ ಹೇಳಿದೆ. ನೀನು ಕಾಲೇಜು ಬಿಟ್ಟು ಮಡಿಕೇರಿಯ ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದೀ ಎಂದೆ. ನಾನು ಹತ್ತನೇ ಕ್ಲಾಸಿಗೇ ಓದು ಬಿಟ್ಟದ್ದನ್ನು ಯಾರಿಗೂ ಮುಚ್ಚಿಟ್ಟವನಲ್ಲ. ನಿನ್ನದನ್ನು ಯಾಕೆ ಮುಚ್ಚಿಡಬೇಕು ಅನ್ನಿಸಿತ್ತು. ಮಾರನೇ ದಿನವೇ ಅವರು ಹೋಗಿ ನಿನ್ನನ್ನು ಎಳೆದು ತಂದರು. ತಿಂಗಳೊಳಗೆ ನೀನು ಮನೆ ಬಿಟ್ಟೆ. ನಿನ್ನ ಹೊಸ ನಂಬರ್ ಯಾರ ಹತ್ತಿರವೂ ಇಲ್ಲ.

ದೇವಕಿಯಕ್ಕನಿಗೆ ಇಬ್ಬರು ಎಂದು ಸುಳ್ಳು ಹೇಳಿದ್ದಕ್ಕೆ ನನಗೆ ಏನೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಕೂತು ಬರುವಾಗ ಲೆಕ್ಕ ಹಾಕಿದೆ. ಅವತ್ತು ನಿನ್ನ ಅಪ್ಪನಿಗೆ "ಹೋಗ್ತಾನೆ ಮಾವ" ಎನ್ನುವುದಕ್ಕೂ ಅಷ್ಟೇ ಹೊತ್ತು ಸಾಕಿತ್ತು.