ಮುಂದಿನ ಕೋಣೆಯ ಬಾಡಿಗೆದಾರ

ಕ್ಯೂರ್‌ಪಿಪ್, ಮಾರಿಷಸ್

ವಕೀಲ ರಾಮ್‌ಖೇಲಾವನ್ ಅವರಿಗೆ ನಮಸ್ಕಾರ.

ನಿಮ್ಮ ಕಕ್ಷಿದಾರ ವಿದೇಶಿ ಕಂಪನಿಗೆ ನನ್ನ ಮನೆಯ ಮುಂದಿನ ಕೋಣೆ ಗೊತ್ತುಮಾಡುವಾಗ ನೀವು ನಕ್ಕು ಹೇಳಿದ್ದಿರಿ: "ದುಲಾರಿ ಮೌಸಿ, ಇಂಥ ಬಾಡಿಗೆದಾರ ನಿಮಗೆ ಎಲ್ಲೂ ಸಿಗಲ್ಲ. ಬಾಗಿಲ ಮೇಲೆ ಬರೀ ಒಂದು ಹೆಸರು, ಅಷ್ಟೇ. ಉಣ್ಣಲ್ಲ, ಕೆಮ್ಮಲ್ಲ."

ಎಷ್ಟೋ ವರ್ಷ ಹಾಗೇ ಇತ್ತು. ಆಮೇಲೆ ಹೊಸ ಕಾನೂನು ಬಂತು. ತೆರಿಗೆ ರಿಯಾಯಿತಿ ಬೇಕಿದ್ದರೆ ಕಂಪನಿ ಹೆಸರಿಗಷ್ಟೇ ಅಲ್ಲ, ನಿಜವಾಗಿಯೂ ಇಲ್ಲಿ ಇರಬೇಕಂತೆ. ಇದೆ ಎಂದು ನೀವು ಸಹಿ ಮಾಡಿಕೊಟ್ಟಿರಿ. ಅಂದಿನಿಂದ ಅದು ಇದೆ.

ಬೀಗ ಹಾಕಿದ ಕೋಣೆಯಲ್ಲಿ ಕುರ್ಚಿ ಬೆಚ್ಚಗಿರುತ್ತದೆ. ನಾನು ಮುಚ್ಚಿಟ್ಟ ದಾಲ್‌ಪೂರಿ ಸಂಜೆಗೆ ಇರುವುದಿಲ್ಲ. ಬಾಗಿಲು ತಟ್ಟಿ "ಯಾರಪ್ಪಾ ಒಳಗೆ?" ಅಂದರೆ, ಒಳಗಿನಿಂದ ನನ್ನದೇ ದನಿಯಲ್ಲಿ "ಯಾರಪ್ಪಾ ಹೊರಗೆ?" ಅನ್ನುತ್ತದೆ.

ಮುಂದಿನ ಕಾನೂನಿನ ಕರಡನ್ನು ಕಂಪನಿಯವರೇ ಬರೆದು ಸರ್ಕಾರಕ್ಕೆ ಕೊಡುತ್ತಾರೆಂದು ನೀವೇ ಅಂದಿದ್ದಿರಿ. ದಯವಿಟ್ಟು ಅದರಲ್ಲಿ ಒಂದು ಸಾಲು ಹಾಕಿಸಿ: ಕಂಪನಿಗೆ ಹಸಿವಾಗತಕ್ಕದ್ದಲ್ಲ.

ಕಂಪನಿ ನಿಜಕ್ಕೂ ಇದೆಯೇ ಎಂದು ನೋಡಲು ಸೋಮವಾರ ತೆರಿಗೆ ಅಧಿಕಾರಿಯೊಬ್ಬರು ಬೂಟು ಕಳಚಿಟ್ಟು ಒಳಗೆ ಹೋದರು. ಅವರ ಬೂಟುಗಳು ಇನ್ನೂ ಹೊಸ್ತಿಲಲ್ಲೇ ಇವೆ. ಒರೆಸಿ ಜೋಡಿಸಿಟ್ಟಿದ್ದೇನೆ. ಯಾವ ವಿಳಾಸಕ್ಕೆ ಕಳಿಸಲಿ?

ಇಂತಿ, ಹಿಂದಿನ ಕೋಣೆಯಿಂದ,
ದುಲಾರಿ ಮೌಸಿ