ಮುತ್ಯಾನ ಗಾಡಿಯ ಜೀವ

ಖಜೂರಿ, ಆಳಂದ ತಾಲೂಕು
೯ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಆಯೀ,

ನಿನ್ನ ಮೊಮ್ಮಗಳು ಸೃಷ್ಟಿಯ ಶರಣು. ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಕೊಟ್ಟಿದ್ದಾರಂತೆ, ಅದನ್ನು ಹಾಕಿಕೊಂಡು ಕಟ್ಟೆಯ ಮೇಲೆ ಕೂತರೆ ಯಾರೋ ದೊಡ್ಡ ಸಾಹೇಬರು ಕೂತ ಹಾಗೆ ಕಾಣುತ್ತೀಯಂತೆ. ಹನಿಗಳನ್ನು ಹೊತ್ತುಹೊತ್ತಿಗೆ ಹಾಕಿಸಿಕೊ. ಬಗ್ಗಿ ಏನನ್ನೂ ಎತ್ತಬೇಡ. ಅತ್ತೆ ಸ್ನಾನಕ್ಕೆ ಹೋದ ಹೊತ್ತು ನೋಡಿ ಸದ್ದಿಲ್ಲದೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಬೇಡ, ನಿನ್ನ ಗುಣ ನನಗೆ ಗೊತ್ತಿದೆ. ಫೋನ್ ಇರುವಾಗ ಕಾಗದ ಏಕೆ ಎಂದು ಕೇಳುತ್ತೀಯ. ನಿನಗೆ ಫೋನಿನಲ್ಲಿ ಕೇಳಿಸುವುದಿಲ್ಲ, ಅದಕ್ಕೆ ಅತ್ತೆ ಸ್ಪೀಕರ್ ಹಾಕುತ್ತಾಳೆ, ಆಮೇಲೆ ಜೇವರ್ಗಿಯ ಅರ್ಧ ಓಣಿ ನಮ್ಮ ಮಾತಿಗೆ ಹೂಂಗುಡುತ್ತದೆ. ಈ ಕಾಗದವನ್ನು ಅತ್ತೆಯ ಮಗಳು ಐಶ್ವರ್ಯಾ ನಿನಗೆ ಓದಿ ಹೇಳಲಿ. ಐಶ್ವರ್ಯಾ, ನಡುನಡುವೆ ನುಂಗಬೇಡ, ಇದ್ದದ್ದನ್ನು ಇದ್ದ ಹಾಗೆ ಓದು.

ಇಲ್ಲಿ ಎಲ್ಲರೂ ಆರಾಮ. ಅವ್ವನ ಕೆಮ್ಮು ಇಳಿದಿದೆ. ಕೆಂದಾಕಳು ಈದಿದೆ, ಹೆಣ್ಣುಗರು. ತೊಗರಿ ರಾಶಿ ಮುಗಿದು ಅಪ್ಪ ಮಾಲಿನ ಜೊತೆ ಲಾತೂರಿಗೆ ಹೋಗಿದ್ದಾನೆ. ನೀನು ಹೇಳಿಹೋದಂತೆ ದೇವರ ಗೂಡಿನಲ್ಲಿ ದಿನಾ ಬೆಳಿಗ್ಗೆ ದೀಪ ಹಚ್ಚುತ್ತಿದ್ದೇನೆ, ಅಲ್ಲಿರುವ ನಿನ್ನ ಕರಿದೇವರಿಗೆ ವಿಭೂತಿಯನ್ನೂ ಹಚ್ಚಿದ್ದೇನೆ. ಭಕ್ತಿಯಿಂದ ಅಲ್ಲ, ನಿನಗೆ ಮಾತು ಕೊಟ್ಟಿದ್ದಕ್ಕೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಗೂಡಿನೊಳಗೆ ಇನ್ನೊಂದು ದೇವರು ಯಾಕೆ ಎಂದು ನಾನು ಜಗಳ ತೆಗೆದಾಗಲೆಲ್ಲ ನೀನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ: "ನಿನ್ನ ಹಾಳಿ ನಿನಗ, ನನ್ನ ದೇವರು ನನಗ." ಹಾಳಿ ಎಂದರೆ ನನ್ನ ಟ್ರಂಕಿನಲ್ಲಿರುವ ಕರಪತ್ರಗಳು, ಕಿರುಹೊತ್ತಿಗೆಗಳು. ಅವುಗಳಲ್ಲಿ ಕೆಲವು ಇಲಿ ಪಾಲಾದರೂ ಓದಿದ್ದು ತಲೆಯಲ್ಲಿದೆ, ಆ ಚಿಂತೆ ನಿನಗೆ ಬೇಡ.

ಈಗ ಮುತ್ಯಾನ ಲಾರಿಯ ಸುದ್ದಿ. ಯುಗಾದಿ ಆದಮೇಲೆ ಕಣ್ಣು ತೋರಿಸುತ್ತೇನೆ ಎನ್ನುತ್ತಿದ್ದವಳು, ಗುಜರಿಯವನು ಬಂದು ಲಾರಿ ನೋಡಿಹೋದ ಮರುದಿನವೇ ಚೀಲ ತುಂಬಿಕೊಂಡು ಜೇವರ್ಗಿ ಬಸ್ಸು ಹತ್ತಿದೆ. ಅದನ್ನು ಕತ್ತರಿಸಿ ಒಯ್ಯುವುದನ್ನು ನೋಡಬಾರದೆಂದೇ ಹೋದೆ ಎಂದು ಬೇರೆ ಯಾರಿಗೂ ಹೊಳೆಯಲಿಲ್ಲ, ನನಗೆ ಹೊಳೆಯಿತು. ಅಮವಾಸ್ಯೆಗೆ ಊರಿನ ಹೆಣ್ಣುಮಕ್ಕಳನ್ನೆಲ್ಲ ಹಿಂದೆ ಕೂರಿಸಿಕೊಂಡು ಮುತ್ಯಾ ಅಫಜಲಪುರದ ಮೇಲೆ ಘತ್ತರಗಿ ದೇವಿಯ ಗುಡಿಗೆ ಹೊಡೆಯುತ್ತಿದ್ದ ಲಾರಿ ಅದು. ನೀನು ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತು ದಾರಿಯುದ್ದಕ್ಕೂ "ಸಾವಕಾಶ, ಸಾವಕಾಶ" ಎನ್ನುತ್ತಿದ್ದೆಯಂತೆ. ಮುತ್ಯಾ ಹೋದಮೇಲೆ ಅದು ಬೇವಿನ ಗಿಡದ ಕೆಳಗೆ ನಿಂತದ್ದು ನಿಂತೇ ಇದೆ. ಆಗ ಅಪ್ಪ ಕರೆತಂದ ಟ್ರ್ಯಾಕ್ಟರ್ ಮೇಸ್ತ್ರಿ ನಾಲ್ಕು ವಾಯರ್ ಕಿತ್ತು ನೋಡಿ, ಎಂಜಿನ್ ಸತ್ತದ ಎಂದು ಹೇಳಿಹೋದ. ಯಜಮಾನನ ಜೊತೆಗೇ ಹೋಯಿತು ಎಂದು ಊರೆಲ್ಲ ನಂಬಿತು.

ನೀನು ಹೋದ ಮೇಲೆ ಅಪ್ಪನಿಗೂ ನನಗೂ ಜೋರು ವಾದವಾಯಿತು. ಆಳಂದದಲ್ಲಿ ಲಾಡ್ಲೆಸಾಬ ಕಾಕಾನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತೇನೆ ಎಂದು ಮತ್ತೆ ಕೇಳಿದೆ. "ಗ್ಯಾರೇಜಿನಾಗ ಹೆಣ್ಮಕ್ಳು ಹೋಗಿ ಏನ್ ಮಾಡ್ತಾರ?" ಎಂದ. ಕಾಯಕಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಪಡಸಾಲೆಯ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಿದವನು ನೀನೇ, ಒಂದೋ ನನ್ನನ್ನು ಕಳಿಸು, ಇಲ್ಲವೇ ಆ ಗೋಡೆಗೆ ಸುಣ್ಣ ಹೊಡಿ ಎಂದೆ. ಅಪ್ಪ ನಕ್ಕುಬಿಟ್ಟ. "ಮುತ್ಯಾನ ಲಾರಿ ಚಾಲೂ ಮಾಡಿ ತೋರ್ಸು. ಚಾಲೂ ಆತಂದ್ರ ಗುಜರಿಗಿ ಕೊಡಂಗಿಲ್ಲ, ನೀ ಗ್ಯಾರೇಜಿಗಿ ಹೋದ್ರ ಬ್ಯಾಡ ಅನ್ನಂಗೂ ಇಲ್ಲ" ಎಂದ. ಅವನು ಹೇಳಿದ್ದು ಚೇಷ್ಟೆಗೆ. ನಾನು ಹಿಡಿದದ್ದು ಮಾತಿಗೆ. ಗುರುವಾರ ಅವನು ಲಾತೂರಿನಿಂದ ಬರುವಾಗ ಗುಜರಿಯವನನ್ನೂ ಕರೆದುಕೊಂಡೇ ಬರುತ್ತಾನೆ.

ಬಾನೆಟ್ ಎತ್ತಿದರೆ ಒಳಗೆ ಇಲಿಗಳ ಸಂಸಾರ. ವಾಯರುಗಳೆಲ್ಲ ಅರ್ಧ ಕಡಿದು, ಅರ್ಧ ಎಲ್ಲೆಲ್ಲಿಗೋ ಸಿಕ್ಕಿಸಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹಾಗೆ ನೇತಾಡುತ್ತಿದ್ದವು. ಅಪ್ಪನ ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿ ಚಾವಿ ತಿರುಗಿಸಿದೆ. ಎಂಜಿನ್ ಸುಮ್ಮನಿತ್ತು, ಹಾರ್ನ್ ಕೂಗಿಕೊಂಡಿತು. ಕೋಳಿಗಳು ಮಾಳಿಗೆ ಏರಿದವು, ಅವ್ವ ಸೌಟು ಹಿಡಿದು ಹೊರಗೆ ಓಡಿಬಂದಳು. ಆ ಮೇಸ್ತ್ರಿ ಚಾವಿಯ ವಾಯರನ್ನು ಹಾರ್ನಿಗೆ ಕಟ್ಟಿಹೋಗಿದ್ದ. ಅವತ್ತೇ ಎಲ್ಲ ಬಿಚ್ಚಿದೆ. ನೀನು ಕೌದಿಗೆಂದು ಕೂಡಿಟ್ಟ ಬಟ್ಟೆಯ ಚೂರುಗಳನ್ನು ತಂದು ಒಂದೊಂದು ವಾಯರಿಗೆ ಒಂದೊಂದು ಬಣ್ಣ ಕಟ್ಟಿದೆ. ನಿನ್ನ ಹಸಿರು ಇಳಕಲ್ ಸೀರೆಯ ಚೂರೂ ಅದರಲ್ಲಿ ಹೋಯಿತು, ಸಿಟ್ಟಾಗಬೇಡ. ದಾರಿ ಬಹಳ ಸರಳವಿದೆ, ಆಯೀ. ಬ್ಯಾಟರಿಯಿಂದ ಚಾವಿಗೆ, ಚಾವಿಯಿಂದ ಕರೆಂಟಿನ ಜೋರು ಹೆಚ್ಚಿಸುವ ಕಾಯಿಲಿಗೆ, ಕಾಯಿಲಿನಿಂದ ಎಂಜಿನ್ ಪಕ್ಕದ ಒಂದು ಗುಂಡು ಡಬ್ಬಿಗೆ. ಆ ಡಬ್ಬಿಯಿಂದ ಆರು ದಪ್ಪ ವಾಯರುಗಳು ಹೊರಟು ಆರು ಪ್ಲಗ್ಗುಗಳಿಗೆ ಹೋಗುತ್ತವೆ. ಅಲ್ಲಿ ಕಿಡಿ ಬಿದ್ದರೆ ಎಂಜಿನ್ ಏಳುತ್ತದೆ. ಡಬ್ಬಿಯವರೆಗೆ ಕರೆಂಟು ಬಂತು. ಡಬ್ಬಿಯಿಂದ ಮುಂದೆ ಒಂದು ಕಿಡಿಯೂ ಹೋಗಲಿಲ್ಲ.

ಲಾಡ್ಲೆಸಾಬ ಕಾಕಾನಿಗೆ ಹೇಳಿಕಳಿಸಿದೆ. ಬಂದವನು ಮೊದಲು ನಗಾಡಿದ. "ಏನ್ ಬೇ ಸೃಷ್ಟಿಬಾಯಿ, ಹಾಳಿ ಓದಿ ಲಾರಿ ಎಬ್ಬಸ್ತಿಯೇನ?" ನೋಡು, ನಿನ್ನ ಮಾತು ಆಳಂದದವರೆಗೂ ಹೋಗಿದೆ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಅರೇ, ನಡುವಿನ ಸಾಮಾನೇ ಇಲ್ಲಲಾ ಇದರಾಗ. ಬಡಸಾವ ಇಲ್ಲದ ಪಂಗ್ತಿ ಆಗ್ಯಾದ ಇದು" ಎಂದ. ಅದರೊಳಗೆ ರೋಟರ್ ಎಂಬ ತುಣುಕು ತಿರುಗುತ್ತ ಆರೂ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚಬೇಕಂತೆ. ಬಾನೆಟ್ ಮೇಲೆ ಬೆಡ್‌ಫೋರ್ಡ್ ಎಂದು ಬರೆದಿದೆಯಲ್ಲ, ಬೆಡ್‌ಫೋರ್ಡಿನ ರೋಟರ್ ಸೋಲಾಪುರದ ಹಳೇ ಸಾಮಾನಿನ ಅಂಗಡಿಯಿಂದ ತರಿಸಿದೆವು. ಅದು ಕೂರಲೇ ಇಲ್ಲ, ದೊಡ್ಡ ಕಾಲಿನ ಚಪ್ಪಲಿಯ ಹಾಗೆ ಲೊಡಲೊಡ ಎಂದಿತು. ಕಾಗದ ಸುತ್ತಿ ಕೂರಿಸೋಣ ಎಂದ ಕಾಕಾ. ನಾನು ಒಪ್ಪಲಿಲ್ಲ. ಕೂರುತ್ತಿಲ್ಲ ಎಂದರೆ ನಾವು ಎಂಜಿನ್ನಿನ ಹೆಸರನ್ನೇ ತಪ್ಪು ತಿಳಿದಿದ್ದೇವೆ ಎಂದೆ. ಅವನಿಗೆ ಸಿಟ್ಟು ಬಂತು. "ನಿಮ್ಮ ಮುತ್ಯಾ ಇದ್ದಾಗಿಂದ ಇದು ಬೆಡ್‌ಫೋರ್ಡೇ ಬೇ" ಎಂದು ಹೊರಟುಹೋದ.

ಸೀಮೆಎಣ್ಣೆ, ತಂತಿಯ ಬ್ರಷ್ ಹಿಡಿದು ಕೂತೆ. ತಲೆಮಾರಿನ ಜಿಡ್ಡು. ತಿಕ್ಕಿದಷ್ಟೂ ಕರಿ, ಮೊಣಕೈವರೆಗೆ ಕರಿ. ಎಂಜಿನ್ನಿನ ಎಡಮಗ್ಗುಲಲ್ಲಿ ಕೊನೆಗೊಂದು ಸಣ್ಣ ಚೌಕ ಸಿಕ್ಕಿತು, ಅದರ ಮೇಲೆ ಟಿ ಅಕ್ಷರ, ಮುಂದೆ ಅಂಕಿಗಳು. ಫೋಟೋ ತೆಗೆದು ಫೋನಿನಲ್ಲಿರುವ ಹಳೇ ಗಾಡಿಗಳ ಗುಂಪಿಗೆ ಕಳಿಸಿದೆ. ನಿವೃತ್ತ ಹಿರಿಯರೊಬ್ಬರು ಉತ್ತರ ಬರೆದರು: ಇದು ಡಾಜ್ ಎಂಜಿನ್, ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳದ್ದು. ಬೆಡ್‌ಫೋರ್ಡಿಗೆ ನೆತ್ತಿಯ ಮೇಲೆ ತಗಡಿನ ಮುಚ್ಚಳ ಇರುತ್ತದೆ, ಇದರ ನೆತ್ತಿ ರೊಟ್ಟಿಯ ಹಂಚಿನ ಹಾಗೆ ಚಪ್ಪಟೆ, ಪ್ಲಗ್ಗುಗಳು ಅದರೊಳಗೆ ನೇರ ಇಳಿದಿವೆ, ನೀನೇ ನೋಡು ಎಂದರು. ನೋಡಿದೆ. ಹಾಗೇ ಇತ್ತು. ಮುತ್ಯಾ ಯಾವುದೋ ಕಾಲದಲ್ಲಿ ಎಂಜಿನ್ ಬದಲಿಸಿದ್ದ, ಬಾನೆಟ್ ಬದಲಿಸಿರಲಿಲ್ಲ. ನಾವೆಲ್ಲ ಬಾನೆಟ್ ಓದಿ ಸಲಾಮು ಹೊಡೆಯುತ್ತಿದ್ದೆವು. ಮನುಷ್ಯರನ್ನೂ ನಾವು ಹೀಗೇ ಓದುತ್ತೇವೆ, ಮೇಲೆ ಬರೆದ ಹೆಸರು ನೋಡಿ, ಒಳಗೆ ತಿಕ್ಕಿ ನೋಡದೆ. ಇರಲಿ, ಭಾಷಣ ಬೇಡ, ಐಶ್ವರ್ಯಾ ಆಕಳಿಸುತ್ತಿರಬಹುದು.

ಲಾಡ್ಲೆಸಾಬ ಕಾಕಾ ಮರಳಿ ಬಂದು ಚೌಕದ ಮೇಲೆ ಬೆರಳಾಡಿಸಿದ. ಸೋತೆ ಎನ್ನಲಿಲ್ಲ, "ಚಹಾ ತರಸು" ಎಂದ. ಅವನ ಭಾಷೆಯಲ್ಲಿ ಎರಡೂ ಒಂದೇ. ಆಮೇಲೆ ತಲೆಯಾಡಿಸಿದ. "ಡಾಜಿಂದು ಇನ್ನ ಎಲ್ಲಿ ಸಿಗತದ ಬೇಟಿ. ಹೆಬ್ಬಟ್ಟಿನಷ್ಟ ಇರ್ತದ, ಕರ್ರಗ, ನೆತ್ತಿ ಮ್ಯಾಲ ಒಂದು ಹಿತ್ತಾಳಿ ಪಟ್ಟಿ. ಬಿಡು, ಗುಜರಿಗಿ ಹೋಗ್ಲಿ." ನಾನು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದೆ. ಮರುದಿನ ಆ ತುಣುಕನ್ನು ಅವನ ಕೈಯಲ್ಲಿಟ್ಟೆ. ಸೀಟಿನ ಕೆಳಗೆ ಸಿಕ್ಕಿತು ಎಂದು ಎಲ್ಲರಿಗೂ ಹೇಳಿದ್ದೇನೆ.

ತನ್ನ ಮನೆಗೆ ತಾನು ಬಂದಂತೆ ಅದು ಕೂತಿತು. ಲಾರಿಯ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಎಂಜಿನ್ ತಿರುಗಿಸಿದೆ. ಏನೂ ಆಗಲಿಲ್ಲ. ಕಾಕಾ ಅದನ್ನು ಮತ್ತೆ ತೆಗೆದು ಬಿಸಿಲಿಗೆ ಹಿಡಿದ. ಹಿತ್ತಾಳೆಯ ಮೇಲೆ ಬಿಳಿ ಪುಡಿ ಪದರಪದರವಾಗಿ ಕೂತಿತ್ತು. "ಹಿಟ್ಟಿನ ಗಿರಣ್ಯಾಗ ಇತ್ತೇನ ಇದು?" ಎಂದ. ಧೂಳು ಎಂದೆ. ಉಸುಕು ಕಾಗದದಿಂದ ತಿಕ್ಕಿ ಹೊಳಪು ಬರಿಸಿ ಕೂರಿಸಿದೆವು. ಮತ್ತೆ ಹ್ಯಾಂಡಲ್ ಹೊಡೆದೆ, ಮತ್ತೆ, ಮತ್ತೆ. ಒಮ್ಮೆ ತಿರುಗಿ ಒದ್ದು ನನ್ನನ್ನು ಕೆಡವಿತು. ಎದ್ದು ಮತ್ತೆ ಹೊಡೆದೆ. ಕೆಮ್ಮಿತು, ಕರಿ ಹೊಗೆ ಬಿಟ್ಟಿತು, ಆಯೀ, ಎದ್ದಿತು. ಆ ಸದ್ದನ್ನು ನಿನಗೆ ನಾನು ವರ್ಣಿಸಬೇಕಿಲ್ಲ. ಅವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಲಾಡ್ಲೆಸಾಬ ಕಾಕಾ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, "ನಿಮ್ಮಪ್ಪ ಹೂಂ ಅಂದ್ರ ಮುಂದಿನ ಸೋಮವಾರ ಬಾ. ಚಹಾ ತರೂ ಕೆಲಸ ಕೊಡಂಗಿಲ್ಲ" ಎಂದ.

ಗುರುವಾರ ಅಪ್ಪನ ಎದುರು, ಗುಜರಿಯವನ ಎದುರು, ಇನ್ನೊಮ್ಮೆ ಅದನ್ನು ಎಬ್ಬಿಸಬೇಕು. ಆಮೇಲೆ ಅಪ್ಪನಿಗೆ ತನ್ನ ಮಾತು ನುಂಗುವುದಕ್ಕೆ ಜಾಗವಿರುವುದಿಲ್ಲ. ನೀನು ಕಣ್ಣು ಕಾಪಾಡಿಕೊ. ಅತ್ತೆಗೆ, ಮಾವನಿಗೆ ಶರಣು ಹೇಳು. ನಿನ್ನ ಪಾದ ಮುಟ್ಟಿದ್ದೇನೆ ಎಂದುಕೊ, ಕೈ ಮಾತ್ರ ಕರಿ ಇದೆ.

ನಿನ್ನ ಹಟಮಾರಿ
ಸೃಷ್ಟಿ

ತಾ.ಕ.: ಐಶ್ವರ್ಯಾ, ಇಲ್ಲಿಂದ ಮುಂದೆ ಜೋರಾಗಿ ಓದಬೇಡ, ಆಯಿಯ ಕಿವಿಯ ಹತ್ತಿರ ಕೂತು ಓದು. ಕಾಗದ ಒಯ್ಯುವವರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಆಯೀ, ಆ ತುಣುಕು ಸೀಟಿನ ಕೆಳಗೆ ಸಿಗಲಿಲ್ಲ. ಅದು ನಿನ್ನ ಗೂಡಿನ ಕರಿದೇವರು. ಗಾಡಿಯನ್ನು ಯಾರೂ ಕದ್ದೊಯ್ಯಬಾರದೆಂದು ಹಳೇ ಡ್ರೈವರುಗಳು ನಿಲ್ಲಿಸಿದಾಗ ರೋಟರ್ ಕಿತ್ತು ಜೊತೆಗೆ ಒಯ್ಯುತ್ತಿದ್ದರಂತೆ. ಮುತ್ಯಾ ದಿನಾ ಸಂಜೆ ಮುಷ್ಟಿಯಲ್ಲಿ ತಂದು ಗೂಡಿನಲ್ಲಿ ಇಡುತ್ತಿದ್ದದ್ದು ಅದನ್ನೇ. ಘತ್ತರಗಿಯಿಂದ ತಂದ ಗಾಡಿಯ ದೇವರು ಎಂದು ನೀನು ತಿಳಿದೆ. ಸೋಲಾಪುರದ ದವಾಖಾನೆಗೆಂದು ಕೊನೆಯ ಸಲ ಮನೆ ಬಿಡುವ ದಿನ ಅದನ್ನು ನಿನ್ನ ಅಂಗೈಯಲ್ಲಿಟ್ಟು ಮುತ್ಯಾ ಏನು ಹೇಳಿದ ಎಂದು ನೀನು ನನಗೆ ಎಷ್ಟೋ ಸಲ ಹೇಳಿದ್ದೀಯ: "ಇದರಾಗ ಗಾಡಿ ಜೀವ ಅದ. ನನ್ನ ಬಿಟ್ಟು ಯಾರಿಗೂ ಕೊಡಬ್ಯಾಡ." ಅವನು ಹೇಳಿದ್ದು ಅಕ್ಷರಶಃ ನಿಜ. ನೀನು ಮಾಡಿದ್ದೂ ಅದನ್ನೇ. ಎಂಜಿನ್ ಸತ್ತಿರಲಿಲ್ಲ, ಆಯೀ, ನಿನ್ನ ಕಾವಲಿನಲ್ಲಿತ್ತು. ಯಾರೂ ನಿನ್ನನ್ನು ನೋಡಿ ನಗಬಾರದೆಂದು ಸೀಟಿನ ಕೆಳಗೆ ಸಿಕ್ಕಿತು ಎಂದೆ, ಆ ಸುಳ್ಳು ನನ್ನ ಮೇಲಿರಲಿ. ಆದರೆ ನಿನ್ನ ವಶದಲ್ಲಿದ್ದದ್ದನ್ನು ನಿನ್ನನ್ನು ಕೇಳದೆ ಒಮ್ಮೆ ತೆಗೆದುಕೊಂಡೆ. ಎರಡನೇ ಸಲ ತೆಗೆದುಕೊಳ್ಳುವುದಿಲ್ಲ, ಲಾರಿ ಹೋದರೂ ಸರಿ, ಗ್ಯಾರೇಜ್ ಹೋದರೂ ಸರಿ. ಅದು ಈಗ ಗೂಡಿನಲ್ಲೇ ಇದೆ. ಬುಧವಾರದೊಳಗೆ ಫೋನ್ ಮಾಡಿಸಿ "ತಗೋ" ಎಂದು ಒಂದು ಮಾತು ಹೇಳು. ಅತ್ತೆ ಸ್ಪೀಕರ್ ಹಾಕಿದರೂ ಪರವಾಗಿಲ್ಲ, ಏನೆಂದು ಯಾರಿಗೂ ತಿಳಿಯುವುದಿಲ್ಲ. ಹಗಲು ಎಂಜಿನ್ನಿನಲ್ಲಿ, ರಾತ್ರಿ ಗೂಡಿನಲ್ಲಿ, ಮುತ್ಯಾ ಇಟ್ಟ ಹಾಗೇ ಇಡುತ್ತೇನೆ. ದೀಪ ಇವತ್ತೂ ಹಚ್ಚಿದ್ದೇನೆ. ವಿಭೂತಿ ಮಾತ್ರ ಈಗ ಅದಕ್ಕೆ ಹಚ್ಚುತ್ತಿಲ್ಲ, ಹಿತ್ತಾಳೆಗೆ ತಾಗಿದರೆ ಕರೆಂಟು ಹಾಯುವುದಿಲ್ಲ. ಗೂಡಿನ ಗೋಡೆಗೆ ಹಚ್ಚಿದ್ದೇನೆ.